ಗಡಿಹೊಳೆಯ ಕೆಲಸಕ್ಕೆ ಕೂಡುಹಣ

ಒಂದೇ ಹೊಳೆಯು ಎರಡು ಸೀಮೆಗಳಲ್ಲಿ ಹರಿಯುವಾಗ, ಅದರ ಕೆಲಸಕ್ಕೆ ಹಣವಿಡತಕ್ಕವರು ಯಾರೆಂಬ ತರ್ಕದಲ್ಲಿಯೇ ಹಿಂದುಳಿದ ಪ್ರಾಂತಗಳ ಕಾಲವು ಕಳೆದುಹೋಗುವುದುಂಟು. ತುಂಗಭದ್ರೆಯಲ್ಲಿ ಹಾಗಾಗಲಿಲ್ಲ. 1945ನೆಯ ಇಸವಿ ಫೆಬ್ರವರಿ 28ರಂದು ಹೈದರಾಬಾದ್ ಸಂಸ್ಥಾನವೂ ಮದರಾಸು ಸರ್ಕಾರವೂ ಎರಡು ದಡಗಳಲ್ಲಿ ಅಸ್ತಿಭಾರವನ್ನಿಟ್ಟು ವೆಚ್ಚವನ್ನು ಹಂಚಿಕೊಂಡವು. 1953ರಲ್ಲಿ ಕಾಲುವೆಗೆ ನೀರು ಬಂದು, ಕ್ಷಾಮಕ್ಕೆ ಹೆಸರಾದ ರಾಯಚೂರು, ಬಳ್ಳಾರಿ ಸೀಮೆಗಳಲ್ಲಿ ಬತ್ತವು ಬೆಳೆಯಿತು.

ಆದರೆ ಕಟ್ಟಿದ ಮಾತ್ರಕ್ಕೆ ಹೊಣೆಯು ತೀರುವುದಿಲ್ಲ. 2024ನೆಯ ಆಗಸ್ಟ್ 10ರ ರಾತ್ರಿ ಆ ಅಣೆಯ 33 ಬಾಗಿಲುಗಳಲ್ಲಿ 19ನೆಯದು ಕೊಚ್ಚಿಹೋಗಿ, ತುಂಬಿದ್ದ ನೀರನ್ನು ಹೊಳೆಗೆ ಬಿಡಬೇಕಾಯಿತು. 70 ವರ್ಷ ದುಡಿದ ಬಾಗಿಲುಗಳನ್ನು ಕಾಲಕಾಲಕ್ಕೆ ಬದಲಿಸುವುದೂ ಕೂಡುಹಣದ ಕೆಲಸವೇ ಸರಿ.

ಮಹಾಗಾಂವದ ಕಡೆಯ ಪ್ರಮುಖರೂ ಭೂಮಾಲೀಕರೂ ಇದನ್ನು ಚೆನ್ನಾಗಿ ಗಮನಿಸತಕ್ಕದ್ದು. ಕಲಬುರಗಿ ಜಿಲ್ಲೆಯ ಭೀಮೆಯು ಮಹಾರಾಷ್ಟ್ರದಿಂದ ಇಳಿದುಬರುವ ಹೊಳೆ. 2012ರ ಸಂವಿಧಾನ ತಿದ್ದುಪಡಿಯಿಂದ ಬಂದ 371 ಜೆ ವಿಧಿಯ ಮೇರೆಗೆ ಕಲ್ಯಾಣ ಕರ್ನಾಟಕಕ್ಕೆ ಪ್ರತ್ಯೇಕ ಮಂಡಳಿಯೂ ಅನುದಾನವೂ ಉಂಟು. ಆ ಹಣವಾದರೋ ಗಡಿಯನ್ನು ದಾಟುವುದಿಲ್ಲ. ಆದುದರಿಂದ ಭೀಮೆಯ ಮೇಲೆ ಯಾವ ಕೆಲಸವನ್ನು ಬೇಡುವಾಗಲೂ, ಎರಡು ರಾಜ್ಯಗಳು ಕಟ್ಟಡಕ್ಕೆ ಕೊಡುವ ಪಾಲನ್ನೂ ವರ್ಷಾವರ್ಷದ ದುರಸ್ತಿಗೆ ಕೊಡುವ ಪಾಲನ್ನೂ ಮೊದಲೇ ಕರಾರಿನಲ್ಲಿ ಬರೆಯಿಸಬೇಕೆಂದು ಗ್ರಾಮಸ್ಥರು ಒಕ್ಕೊರಲಿನಿಂದ ಕೇಳುವುದು ಅವಶ್ಯವು.