ಕಂಬ ನಿಂತರೆ ಸಾಲದು, ಕರೆಂಟು ಬರಬೇಕು
ಹಾಸನದ ದಾರಿಯ ಪೆಟ್ರೋಲ್ ಬಂಕೊಂದರ ಮೂಲೆಯಲ್ಲಿ ವಿದ್ಯುತ್ ಕಾರುಗಳ ಫಾಸ್ಟ್ ಚಾರ್ಜರ್ ನಿಂತು ತಿಂಗಳುಗಳಾದವು. ಪರದೆಗೆ ಅಂಟಿಸಿದ ಪ್ಲಾಸ್ಟಿಕ್ ಹಾಳೆ ಇನ್ನೂ ಕಿತ್ತಿಲ್ಲ, ಸುತ್ತಿಟ್ಟ ಕೇಬಲ್ ಮೇಲೆ ಕೆಂಪು ಧೂಳು ಕೂತಿದೆ. ಕಳೆದ ವಾರ ಕಾರು ನಿಲ್ಲಿಸಿ ಕೇಳಿದೆ. ‘ಟಿಸಿ ಇನ್ನೂ ಬಂದಿಲ್ಲ ಸಾರ್’ ಎಂದ ಬಂಕಿನ ಹುಡುಗ. ಟಿಸಿ ಎಂದರೆ ಟ್ರಾನ್ಸ್‌ಫಾರ್ಮರ್. ಬ್ಯಾಟರಿಯಲ್ಲಿ ಶೇ. 14 ಉಳಿದಿತ್ತು, ಹಿಂದಿನ ಸೀಟಿನಲ್ಲಿ ವಯಸ್ಸಾದ ಅಮ್ಮ ಇದ್ದರು. ಇದು ಒಂದೇ ಬಂಕಿನ ಕಥೆಯಲ್ಲ. 2023ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ವಿದ್ಯುತ್ ವಾಹನಗಳನ್ನು ಉತ್ತೇಜಿಸುವ ಫೇಮ್-2 ಯೋಜನೆಯಡಿ ಮೂರು ಸರ್ಕಾರಿ ತೈಲ ಕಂಪನಿಗಳಿಗೆ 7,432 ಫಾಸ್ಟ್ ಚಾರ್ಜಿಂಗ್ ಕೇಂದ್ರ ತೆರೆಯಲು ₹800 ಕೋಟಿ ಮಂಜೂರು ಮಾಡಿತು. ಮುಗಿಸಬೇಕಿದ್ದದ್ದು 2024ರ ಮಾರ್ಚ್‌ಗೆ. ಗಡುವು ದಾಟಿದ ಮೇಲೂ ಯಂತ್ರ ಬಂದು ವಿದ್ಯುತ್ ಬಾರದ ಕೇಂದ್ರಗಳು ಎಷ್ಟೋ ಉಳಿದವು. 60 ಕಿಲೋವ್ಯಾಟ್‌ನ ಒಂದು ಚಾರ್ಜರ್ ಹತ್ತಾರು ಮನೆಗಳಷ್ಟು ಲೋಡ್ ಎಳೆಯುತ್ತದೆ. ಅದಕ್ಕೆ ಟಿಸಿ, ಲೈನು, ಮೀಟರು, ವಿದ್ಯುತ್ ಪರಿವೀಕ್ಷಕರ ಒಪ್ಪಿಗೆ ಎಲ್ಲವೂ ಬೇಕು. ಯಂತ್ರ ಕೂರಿಸಲು ಕೆಲವೇ ದಿನ ಸಾಕು, ಫೈಲು ಮೇಜಿನಿಂದ ಮೇಜಿಗೆ ಸರಿಯಲು ತಿಂಗಳುಗಳು ಬೇಕು. 2017ರಲ್ಲೇ, ದೇಶದಲ್ಲಿ ಎಲ್ಲರಿಗಿಂತ ಮೊದಲು, ವಿದ್ಯುತ್ ವಾಹನ ನೀತಿ ತಂದ ರಾಜ್ಯ ನಮ್ಮದು. ಆ ಹೆಮ್ಮೆ ಹೆದ್ದಾರಿಯಲ್ಲೂ ಕಾಣಬೇಕು. ಚಾರ್ಜರಿಗೆ ಜಾಗ ಗೊತ್ತಾದ ದಿನವೇ ಟಿಸಿ ಕೆಲಸವೂ ಶುರುವಾಗಲಿ. ಪ್ರತಿ ಒಪ್ಪಿಗೆಗೂ ತಾರೀಕು ನಿಗದಿಯಾಗಲಿ. ಸಹಾಯಧನದ ಕೊನೆಯ ಕಂತು ಮೊದಲ ಕಾರು ಚಾರ್ಜ್ ಆದ ಮೇಲೆಯೇ ಸಿಗಲಿ. ಸಾಲ ಮಾಡಿ ಹೊಗೆಯಿಲ್ಲದ ಕಾರು ಕೊಂಡವರು ಸರ್ಕಾರದ ಮಾತು ನಂಬಿದವರು. ಅವರನ್ನು ನಡುದಾರಿಯಲ್ಲಿ ನಿಲ್ಲಿಸುವುದು ಸಲ್ಲದು.