ಆಗುಂಬೆಯ ಸ್ವಾಮಿ ಹಿಂದಿ ಮಾತಾಡಿದ, ನಾವು ಚಪ್ಪಾಳೆ ಹೊಡೆದೆವು!

ಕನ್ನಡದ ತರುಣರೇ, ಒಂದು ಪ್ರಶ್ನೆ ಕೇಳುತ್ತೇನೆ. ಎದೆ ಮುಟ್ಟಿಕೊಂಡು ಉತ್ತರ ಹೇಳಿ. 'ಮಾಲ್ಗುಡಿ ಡೇಸ್' ಯಾರದ್ದು?

ಕಥೆ ಬರೆದ ಆರ್.ಕೆ. ನಾರಾಯಣ್ ಮೈಸೂರಿನಲ್ಲಿ ಬಾಳಿದವರು. ಗೆರೆ ಎಳೆದ ಆರ್.ಕೆ. ಲಕ್ಷ್ಮಣ್ ಮೈಸೂರಿನಲ್ಲೇ ಹುಟ್ಟಿದವರು. ನಿರ್ದೇಶನ ನಮ್ಮ ಶಂಕರಣ್ಣನದು. ಸ್ವಾಮಿ ಆದವನು ಮಾಸ್ಟರ್ ಮಂಜುನಾಥ್. ಅಪ್ಪ ಗಿರೀಶ್ ಕಾರ್ನಾಡ್, ಅಮ್ಮ ವೈಶಾಲಿ ಕಾಸರವಳ್ಳಿ. ಅನಂತನಾಗ್ ಇದ್ದರು, ವಿಷ್ಣುವರ್ಧನ್ ಇದ್ದರು. ಮಳೆ ಆಗುಂಬೆಯದು, ಮನೆ ಆಗುಂಬೆಯದು, ರೈಲು ನಿಲ್ದಾಣ ಶಿವಮೊಗ್ಗ ಜಿಲ್ಲೆಯ ಅರಸಾಳಿನದು. ಮಾತು ಮಾತ್ರ? ಹಿಂದಿ!

ಎಂಬತ್ತರ ದಶಕದಲ್ಲಿ ದೂರದರ್ಶನದ ರಾಷ್ಟ್ರೀಯ ಜಾಲದಲ್ಲಿ ಅದು ಬಂದಾಗ ಪಾಮನಕಲ್ಲೂರಿನಂಥ ಊರಿನ ಹುಡುಗರಿಗೆ ಸ್ವಾಮಿಯ ಮುಖ ಅರ್ಥವಾಯಿತು, ಮಾತು ಅರ್ಥವಾಗಲಿಲ್ಲ. ನಾನು ಶಂಕರ್ ನಾಗ್ ಮೇಲೆ ತಪ್ಪು ಹೊರಿಸುವವನಲ್ಲ. ದಿಲ್ಲಿಯ ಜಾಲಕ್ಕೆ ಹೋಗಬೇಕೆಂದರೆ ಹಿಂದಿಯ ಬಾಗಿಲಿನಿಂದಲೇ ಹೋಗಬೇಕಿತ್ತು. ಆತ 1990ರ ಸೆಪ್ಟೆಂಬರ್ 30ರಂದು ನಮ್ಮನ್ನು ಬಿಟ್ಟು ಹೋದ. ಉಳಿದ ಕೆಲಸ ಮಾಡಬೇಕಾಗಿದ್ದವರು ನಾವು. ನಾವೇನು ಮಾಡಿದೆವು? ಆಟೋ ಹಿಂದೆ ಅವನ ಚಿತ್ರ ಅಂಟಿಸಿದೆವು, ಅಷ್ಟೆ. ಸ್ವಾಮಿ ಟಿವಿಯಲ್ಲಿ ಕನ್ನಡ ಮಾತಾಡಿದ್ದು ಯಾವಾಗ ಗೊತ್ತೇ? 2020ರಲ್ಲಿ! ಕೊರೊನಾ ಬಂದು ಶೂಟಿಂಗ್ ನಿಂತು, ತೋರಿಸಲು ಹೊಸ ಸರಕು ಇಲ್ಲದಾಗ ಜೀ ಕನ್ನಡದವರು ಡಬ್ ಮಾಡಿ ಹಾಕಿದರು. ಮೂರು ದಶಕಕ್ಕೂ ಹೆಚ್ಚು ಕಾಲ ಬೇಕಾಯಿತು. ಅದಕ್ಕೂ ಒಂದು ಮಹಾಮಾರಿಯೇ ಬರಬೇಕಾಯಿತು.

ನಡುವೆ ಮಾಲ್ಗುಡಿ ಡಿವಿಡಿ ಆಗಿ ಮನೆಗೆ ಬಂತು. ನಾನೂ ಬೆಂಗಳೂರಿಗೆ ಹೋದಾಗ ಒಂದು ಅಂಗಡಿಯಲ್ಲಿ ಕೊಂಡೆ. "ಕನ್ನಡದ್ದು ಐತೇನ್ರಿ?" ಅಂತ ಕೇಳಿದರೆ ಅಂಗಡಿ ಹುಡುಗ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಸಾರ್, ಇದು ಹಿಂದಿ ಸೀರಿಯಲ್ಲು" ಅಂದ. ಅವನೂ ಕನ್ನಡದವನೇ! ಪೆಟ್ಟಿಗೆ ಮೇಲೆ ಒಂದೇ ಒಂದು ಕನ್ನಡ ಅಕ್ಷರ ಇರಲಿಲ್ಲ. ಇಪ್ಪತ್ತು ವರ್ಷ ಅಚ್ಚಿನ ಮಸಿ ಮೆತ್ತಿಕೊಂಡ ಕೈ ಇದು. ನಾಲ್ಕು ಬಣ್ಣ ಅಚ್ಚಾಗುವ ಕಡೆ ಒಂದು ಸಾಲು ಕನ್ನಡ ಸೇರಿಸಲು ಒಂದು ಪೈಸೆ ಹೆಚ್ಚು ಖರ್ಚಿಲ್ಲ ಅಂತ ನನಗೆ ಗೊತ್ತು. ಮನಸ್ಸಿಲ್ಲ, ಅಷ್ಟೆ.

ಬೆಂಗಳೂರಿನ ಗೆಳೆಯರು ಮೂಗು ಮುರಿಯಬಹುದು: ಪಾಮನಕಲ್ಲೂರಿನ ಪ್ರೆಸ್ಸಿನವನಿಗೆ ಟಿವಿ ಉಸಾಬರಿ ಯಾಕೆ ಅಂತ. ಸ್ವಲ್ಪ ಚರಿತ್ರೆ ಕೇಳಿ. 1975ರ ಆಗಸ್ಟ್ 1ರಿಂದ ಒಂದು ವರ್ಷ, ಅಮೆರಿಕದ ಉಪಗ್ರಹವನ್ನು ಎರವಲು ಪಡೆದು, 6 ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಟಿವಿ ತೋರಿಸಿದರು. 'ಸೈಟ್' ಅಂತ ಅದರ ಹೆಸರು. ಕರ್ನಾಟಕದಲ್ಲಿ ಆಯ್ಕೆಯಾದದ್ದು ಬೆಂಗಳೂರಲ್ಲ, ಮೈಸೂರಲ್ಲ. ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳ ಹಳ್ಳಿಗಳು! ಕಾರ್ಯಕ್ರಮ ಕನ್ನಡದಲ್ಲಿ! ಬೆಂಗಳೂರು ದೂರದರ್ಶನ ಶುರುವಾದದ್ದು 1981ರಲ್ಲಿ. ಅಂದರೆ ರಾಜಧಾನಿಯ ದೊಡ್ಡವರು ಟಿವಿ ನೋಡುವ ಮೊದಲೇ ನಮ್ಮ ಜಿಲ್ಲೆಯ ಒಕ್ಕಲು ಮಕ್ಕಳು ಕನ್ನಡ ಮಾತಾಡುವ ಟಿವಿ ನೋಡಿದ್ದರು. ಆಮೇಲೆ ಅದೇ ಟಿವಿಗೆ ಹಿಂದಿ ಕಲಿಸಿ ನಮ್ಮ ಮುಂದೆ ಇಟ್ಟರು.

ಈಗ 'ಗುಡ್ಡದ ಭೂತ'ಕ್ಕೆ ಬನ್ನಿ. ನಲವತ್ತು ದಾಟಿದ ಯಾರನ್ನಾದರೂ ಕೇಳಿ, ಇವತ್ತಿಗೂ ಮೈ ಜುಮ್ಮೆನ್ನುತ್ತದೆ ಅಂತಾರೆ. ತುಳು ನಾಟಕದಿಂದ ಹುಟ್ಟಿ, 1990ರ ಆಸುಪಾಸಿನಲ್ಲಿ ದೂರದರ್ಶನದಲ್ಲಿ ಬಂದ ಕನ್ನಡ ಧಾರಾವಾಹಿ. ಮಾಡಿದವರು ಸದಾನಂದ ಸುವರ್ಣ. 'ಘಟಶ್ರಾದ್ಧ' ಚಿತ್ರದ ನಿರ್ಮಾಪಕರೂ ಅವರೇ. ಪ್ರಕಾಶ್ ರೈ ಇನ್ನೂ ದೊಡ್ಡ ಹೆಸರಾಗುವ ಮೊದಲು ಅದರಲ್ಲಿ ನಟಿಸಿದ್ದರು. ಸಾಹಸ, ಪತ್ತೇದಾರಿ, ಕರಾವಳಿಯ ಕತ್ತಲೆ, ಭೂತದ ಭಯ, ಎಲ್ಲಾ ಅಪ್ಪಟ ನಮ್ಮದು. ಯಾವ ಇಂಗ್ಲಿಷ್ ಸೀರಿಯಲ್ಲಿನ ಎಂಜಲೂ ಅಲ್ಲ. ಅದರ 'ಡೆನ್ನಾನ' ಹಾಡನ್ನು 2015ರಲ್ಲಿ 'ರಂಗಿತರಂಗ' ಮತ್ತೆ ಹಾಡಿದಾಗ ನೀವೇ ಅಲ್ಲವೇ ಥಿಯೇಟರಿನಲ್ಲಿ ಶಿಳ್ಳೆ ಹೊಡೆದದ್ದು? ಹಾಡು ಬೇಕು, ಹಾಡು ಹುಟ್ಟಿದ ಮನೆ ಬೇಡವೇ?

"ಯೂಟ್ಯೂಬಲ್ಲಿ ಸಿಗುತ್ತಲ್ಲ ಗುರು" ಅಂತೀರಿ. ನೋಡಿದ್ದೇನೆ. ನಾನು ನೋಡಿದ ಪ್ರತಿಯಲ್ಲಿ ಭೂತಕ್ಕೂ ನಾಯಕನಿಗೂ ವ್ಯತ್ಯಾಸ ಕಾಣುವುದಿಲ್ಲ, ಇಬ್ಬರ ಮುಖವೂ ಮಸುಕು. ಯಾರೋ ಪುಣ್ಯಾತ್ಮರು ಉಳಿಸಿಕೊಂಡರು ಅಂತ ಕೈ ಮುಗಿಯುತ್ತೇನೆ. ಆದರೆ ಅಭಿಮಾನಿಯ ಔದಾರ್ಯ ಬೇರೆ, ಸಂಸ್ಥೆಯ ಕರ್ತವ್ಯ ಬೇರೆ. ಟೇಪು ಅಂದರೆ ಪ್ಲಾಸ್ಟಿಕ್ ಪಟ್ಟಿಯ ಮೇಲೆ ಅಂಟಿಸಿದ ಕಾಂತದ ಪುಡಿ. ಸೆಕೆಗೆ ಅಂಟು ಬಿಡುತ್ತದೆ, ತೇವಕ್ಕೆ ಬೂಷ್ಟು ಹಿಡಿಯುತ್ತದೆ, ಓಡಿಸುವ ಯಂತ್ರ ಕೆಟ್ಟರೆ ಬಿಡಿಭಾಗ ಸಿಗುವುದಿಲ್ಲ. ನಮ್ಮ ಮಸ್ಕಿಯ ಬಂಡೆ ಮೇಲೆ ಅಶೋಕ ಕೆತ್ತಿಸಿದ್ದನ್ನು ಎರಡು ಸಾವಿರ ವರ್ಷದ ಮೇಲೆ 1915ರಲ್ಲಿ ಓದಲು ಸಾಧ್ಯವಾಯಿತು. ಮೂವತ್ತೈದು ವರ್ಷದ ಟೇಪಿಗೆ ಆ ಗ್ಯಾರಂಟಿ ಇಲ್ಲ ಸ್ವಾಮಿ. ಸುವರ್ಣರು 2024ರಲ್ಲಿ ತೀರಿಕೊಂಡರು. ಅವರು ಇದ್ದಾಗಲೇ ಕೂರಿಸಿ, ಯಾವ ಟೇಪು ಮೂಲ, ಯಾವುದು ನಕಲು ಅಂತ ಕೇಳಿ ಬರೆದುಕೊಳ್ಳಬೇಕಿತ್ತು.

ಬ್ರಿಟಿಷರ ಬಿಬಿಸಿ ನೋಡಿ. 'ಡಾಕ್ಟರ್ ಹೂ' ಅನ್ನುವ ತನ್ನ ಸಾಹಸ ಧಾರಾವಾಹಿಯ ಟೇಪುಗಳನ್ನು ಅರವತ್ತು–ಎಪ್ಪತ್ತರ ದಶಕದಲ್ಲಿ ಅಳಿಸಿ ಹಾಕಿತು. ಆಮೇಲೆ ಬುದ್ಧಿ ಬಂತು. ಅಭಿಮಾನಿಗಳು ದೇಶ ದೇಶ ಹುಡುಕಿದರು. ನೈಜೀರಿಯಾದಲ್ಲಿ ಸಿಕ್ಕ 9 ಕಂತುಗಳನ್ನು 2013ರಲ್ಲಿ ಪ್ರಕಟಿಸಿದರು, ತೊಳೆದು ಹಸನು ಮಾಡಿ ಡಿವಿಡಿ ತಂದರು, ಜನ ದುಡ್ಡು ಕೊಟ್ಟು ಕೊಂಡರು. ಇನ್ನೂ ತೊಂಬತ್ತಕ್ಕೂ ಹೆಚ್ಚು ಕಂತು ಸಿಕ್ಕಿಲ್ಲ, ಹುಡುಕಾಟ ನಿಂತಿಲ್ಲ. ಅವರ ಅಭಿಮಾನ ಹೀಗೆ. ನಮ್ಮದು ನವೆಂಬರ್ 1ಕ್ಕೆ ಶುರು, ನವೆಂಬರ್ 30ಕ್ಕೆ ಮುಕ್ತಾಯ.

ದಿಲ್ಲಿಯನ್ನು ಬೈದಷ್ಟೇ ನಮ್ಮವರನ್ನೂ ಬೈಯಬೇಕು. ಡಬ್ಬಿಂಗ್ ಬೇಡ, ಬೇಡ ಅಂತ ಅರ್ಧ ಶತಮಾನ ಕೂತೆವು. ನೌಕರರ ಹೊಟ್ಟೆಪಾಡಿನ ಮಾತಿನಲ್ಲಿ ಸತ್ಯ ಇತ್ತು, ಇಲ್ಲ ಅನ್ನುವುದಿಲ್ಲ. ಪರ, ವಿರೋಧ ಎರಡೂ ಕಡೆಯ ಕರಪತ್ರ ನನ್ನ ಪ್ರೆಸ್ಸಿನಲ್ಲೇ ಅಚ್ಚಾಗಿವೆ, ಬಾಕಿ ಉಳಿಸಿಕೊಂಡವರೂ ಎರಡೂ ಕಡೆ ಇದ್ದಾರೆ! ಆದರೆ ಫಲ ಏನಾಯಿತು? ಕನ್ನಡದ ಕೂಸು ಬೇರೆ ಭಾಷೆ ನೋಡುವುದು ನಿಲ್ಲಲಿಲ್ಲ, ಬೇರೆ ಭಾಷೆಯಲ್ಲೇ ನೋಡಿತು. ಕೊನೆಗೆ 2015ರಲ್ಲಿ ಸ್ಪರ್ಧಾ ಆಯೋಗ ಈ ತಡೆ ಕಾನೂನುಬಾಹಿರ ಅಂತ ಹೇಳಿ ವಾಣಿಜ್ಯ ಮಂಡಳಿಗೆ ದಂಡ ಹಾಕಿತು. ಮಾಲ್ಗುಡಿಯ ಸ್ವಾಮಿ ಕನ್ನಡ ಮಾತಾಡಿದರೆ ಯಾವ ಕನ್ನಡ ನಟನ ಅನ್ನ ಹೋಗುತ್ತಿತ್ತು? ನಟಿಸಿದವರೇ ಕನ್ನಡದವರಲ್ಲವೇ?

ಇನ್ನೊಂದು ಸುಳ್ಳು ಕೇಳುತ್ತಿರುತ್ತೇವೆ: ಹಳೆಯದಕ್ಕೆ ಕನ್ನಡದಲ್ಲಿ ಗಿರಾಕಿ ಇಲ್ಲವಂತೆ. ಸಿಡಿ ಕಾಲದಲ್ಲಿ ನಾನು ಬಯಲಾಟದ ಸಿಡಿಗಳಿಗೆ ಹೊದಿಕೆ ಅಚ್ಚು ಹಾಕಿದವನು. ಜಾತ್ರೆಯಲ್ಲಿ ಬೆಂಡು ಬತ್ತಾಸಿನ ಅಂಗಡಿ ಪಕ್ಕ ಅವು ಖಾಲಿಯಾದದ್ದನ್ನು ಕಣ್ಣಾರೆ ಕಂಡಿದ್ದೇನೆ. ಕ್ಯಾಮೆರಾ ಅಲುಗಾಡಿದರೂ ಜನ ಕೊಂಡರು, ಯಾಕೆಂದರೆ ಮಾತು ತಮ್ಮದು.

ಹಾಗಾಗಿ ಬೇಡಿಕೆ ಸ್ಪಷ್ಟ. ದೂರದರ್ಶನ 2024ರ ನವೆಂಬರಿನಲ್ಲಿ 'ವೇವ್ಸ್' ಅಂತ ಹೊಸ ಅಂಗಡಿ ತೆರೆದಿದೆ. ಅಲ್ಲೇ ಇಡಲಿ, ಡಿಸ್ಕಿನಲ್ಲೇ ಕೊಡಲಿ, ಪೆನ್‌ಡ್ರೈವಿನಲ್ಲೇ ಮಾರಲಿ. 'ಗುಡ್ಡದ ಭೂತ' ಮೂಲ ಟೇಪಿನಿಂದ, ಪೂರ್ತಿಯಾಗಿ, ಹಸನಾಗಿ ಬರಬೇಕು. ಮಾಲ್ಗುಡಿ ಕನ್ನಡ ಧ್ವನಿಯೊಂದಿಗೆ, ಕನ್ನಡ ಅಕ್ಷರದ ಪೆಟ್ಟಿಗೆಯಲ್ಲಿ ಬರಬೇಕು. ಹಕ್ಕು ಯಾರ ಬಳಿ ಇದೆ, ಟೇಪು ಎಲ್ಲಿದೆ, ಯಾವ ಸ್ಥಿತಿಯಲ್ಲಿದೆ, ಬಾಯಿ ಬಿಟ್ಟು ಹೇಳಲಿ. ಹೇಳದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಇದೆ, 10 ರೂಪಾಯಿ. ಒಂದು ಸಿನಿಮಾದ ಇಂಟರ್ವಲ್ಲಿನಲ್ಲಿ ಪಾಪ್‌ಕಾರ್ನಿಗೆ ನೀವು ಎಷ್ಟು ಸುರಿಯುತ್ತೀರಿ, ಲೆಕ್ಕ ಹಾಕಿ.

ಬಂದ ಮೇಲೆ ಕೊಂಡು ನೋಡಿ. ಕದ್ದ ಪ್ರತಿಯನ್ನು ಟೆಲಿಗ್ರಾಮಿನಲ್ಲಿ ಹಂಚಿ "ಜೈ ಕರ್ನಾಟಕ" ಅನ್ನಬೇಡಿ. ಬೆಂಗಳೂರು ದೂರದರ್ಶನಕ್ಕೆ ಬರೆಯುವ ಪೋಸ್ಟ್ ಕಾರ್ಡಿನ ಒಕ್ಕಣೆಯನ್ನು ನಾನೇ ಮೊಳೆ ಜೋಡಿಸಿ ಇಟ್ಟಿದ್ದೇನೆ. ಸಂಘದವರು ಖಾಲಿ ಕಾರ್ಡು ತಂದರೆ ಸಾಕು, ಸಾವಿರವಾಗಲಿ, ಎರಡು ಸಾವಿರವಾಗಲಿ, ಅಚ್ಚಿನ ಕೂಲಿ ತೆಗೆದುಕೊಳ್ಳುವುದಿಲ್ಲ. ಸಹಿ ಮಾತ್ರ ಕನ್ನಡದಲ್ಲಿ ಹಾಕಿ.