ಅವ್ವನ ತವರು

ಬೆಳಗಿನ ಬಸ್ಸು ಉಮ್ಮತ್ತೂರನ್ನು ಬಿಡುವಾಗ ಅದರೊಳಗೆ ಕಾಲಿಡಲು ಸ್ಥಳವಿರುವುದಿಲ್ಲ. ಸೊಪ್ಪಿನ ಗಂಟು ಹೊತ್ತವರು, ಆಸ್ಪತ್ರೆಗೆ ಹೊರಟ ಮುದುಕರು, ಕೂಲಿಗೆ ಹೋಗುವ ಗಂಡಾಳುಗಳು, ಇವರೆಲ್ಲರ ನಡುವೆ ಕಾಲೇಜಿನ ಹೆಣ್ಣುಮಕ್ಕಳ ಒಂದು ಪುಟ್ಟ ದಂಡು. ೨೦೨೩ರ ಜೂನ್ ತಿಂಗಳಿನಿಂದ ಸರಕಾರಿ ಬಸ್ಸಿನಲ್ಲಿ ಹೆಂಗಸರು ಟಿಕೇಟಿನ ಹಣ ಕೊಡಬೇಕಾಗಿಲ್ಲ. “ದಿನಾ ಚಾಮರಾಜನಗರಕ್ಕೆ ಹೋಗಿಬರುವ ಖರ್ಚು ಯಾರು ಕೊಡುವವರು?” ಎಂದು ಮನೆಗಳಲ್ಲಿ ಏಳುತ್ತಿದ್ದ ಆಕ್ಷೇಪಣೆಗಳಲ್ಲಿ ಒಂದಾದರೂ ಹೀಗೆ ತಪ್ಪಿತು. ಉಳಿದವು ಉಳಿದೇ ಇವೆ.

ಆ ದಂಡಿನಲ್ಲಿ ಬಿ. ಎ. ತರಗತಿಯ ಕೊನೆಯ ವರ್ಷದ ಹುಡುಗಿಯೊಬ್ಬಳಿದ್ದಾಳೆ. ಆಕೆಯ ಹೆಸರು ಇಲ್ಲಿ ಬೇಡ. ಸಂತೇಮರಹಳ್ಳಿಯ ದಾರಿಯಲ್ಲಿ ಕಿಟಕಿಯ ಸರಳಿಗೆ ತಲೆಯಾನಿಸಿ ಕುಳಿತ ಯಾವ ಹುಡುಗಿಯಾದರೂ ಅವಳಾಗಬಹುದು. ಮಡಿಲಲ್ಲಿ ಚರಿತ್ರೆಯ ಪುಸ್ತಕ. ಅದರಲ್ಲಿ ಅವಳ ಊರಿಗೆ ದೊರೆತಿರುವುದು ಎರಡೇ ಸಾಲು: ೧೫೦೯ರಲ್ಲಿ ಪಟ್ಟವೇರಿದ ಕೃಷ್ಣದೇವರಾಯನು ದಂಗೆಯೆದ್ದ ಉಮ್ಮತ್ತೂರಿನ ಗಂಗರಾಜನ ಮೇಲೆ ದಂಡೆತ್ತಿ ಬಂದು ಶಿವನಸಮುದ್ರದ ಕೋಟೆಯನ್ನು ಹಿಡಿದನು, ಓಡಿದ ದೊರೆಯು ಕಾವೇರಿಯ ಪಾಲಾದನು. ಮೊದಲ ಬಾರಿ ಓದಿದಾಗ ಅವಳಿಗೆ ನಗು ಬಂದಿತ್ತು. ಭುಜಂಗೇಶ್ವರನ ಗುಡಿಯ ಮುಂದೆ ಆಡಿ ಬೆಳೆದವಳಿಗೆ, ಗುಡ್ಡದ ಕಡೆಯ ಕೃಷ್ಣಮೃಗಗಳನ್ನು ಎಣಿಸಿ ಬೇಸತ್ತವಳಿಗೆ, ತನ್ನ ಊರು ಎಂದೋ ವಿಜಯನಗರಕ್ಕೆ ಎದುರು ನಿಂತ ಊರೆಂಬುದು ಕಟ್ಟುಕಥೆಯಂತೆ ತೋರಿತ್ತು. ಆ ಊರಿನಲ್ಲಿ ಅಪ್ಪನೆದುರು ದನಿಯೆತ್ತಿ ಮಾತನಾಡಿದ ಮಗಳನ್ನು ಅವಳು ಕಂಡಿರಲಿಲ್ಲ.

ಈಚೆಗೆ ಅವಳಿಗೆ ನಗು ಬರುವುದಿಲ್ಲ. ಕಾರಣ, ಯುಗಾದಿ ಕಳೆದ ಮೇಲೆ ಮನೆಯಲ್ಲಿ ಎದ್ದಿರುವ ಮಾತು.

ಅವ್ವನಿಗೆ ಒಬ್ಬನೇ ಅಣ್ಣ. ಆತನಿಗೊಬ್ಬ ಮಗ, ನಂಜನಗೂಡಿನ ಕಾರ್ಖಾನೆಯೊಂದರಲ್ಲಿ ಕೆಲಸ, ಕುಡಿತವಿಲ್ಲ, ಜೂಜಿಲ್ಲ. ಹುಡುಗಿ ತೊಟ್ಟಿಲಲ್ಲಿದ್ದಾಗಲೇ “ಇವಳು ನಮ್ಮ ಮನೆಯ ಸೊಸೆ” ಎಂದು ಅಜ್ಜಿ ಆಡಿದ ಮಾತು ಇಷ್ಟು ವರ್ಷ ಹಾಸ್ಯವಾಗಿ ಉಳಿದಿತ್ತು. ಈಗ ಅದಕ್ಕೆ ಲಗ್ನದ ದಿನವನ್ನು ಹುಡುಕುವ ಕಾಲ ಬಂದಿತು. ಮಾವನೆಂದರೆ ಬರಿಯ ಮಾವನಲ್ಲ. ಅವಳು ಪಿ. ಯು. ಸಿ. ಮುಗಿಸಿದ ವರ್ಷ ಅರಿಸಿನದ ಬೆಲೆ ಬಿದ್ದು ಅಪ್ಪ ತಲೆಯ ಮೇಲೆ ಕೈಹೊತ್ತು ಕುಳಿತಾಗ, ಕಾಲೇಜಿನ ಹಣವನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಅವ್ವ ಬಂದುದು ತವರಿನಿಂದಲೇ. ಹಾಗೆ ಕೊಟ್ಟ ಹಣಕ್ಕೆ ಆತ ಎಂದೂ ಲೆಕ್ಕವಿಡಲಿಲ್ಲ. ಲೆಕ್ಕವಿಡದ ಸಾಲ ಬಲು ಭಾರವಾದುದು. ಅದಕ್ಕೆ ಬಡ್ಡಿಯ ದರವೂ ತಿಳಿಯದು, ತೀರಿದ ದಿನವೂ ತಿಳಿಯದು.

ಇಂಥ ಸಂಬಂಧಗಳನ್ನು ಪಟ್ಟಣದ ವಿದ್ಯಾವಂತರು ಮೂಗುಮುರಿದು ನೋಡುವುದುಂಟು. ಅದು ನ್ಯಾಯವಲ್ಲ. ೨೦೧೯–೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ ವಿವಾಹಿತ ಸ್ತ್ರೀಯರಲ್ಲಿ ನಾಲ್ವರಲ್ಲೊಬ್ಬಳಿಗಿಂತ ಹೆಚ್ಚು ಮಂದಿ ರಕ್ತಸಂಬಂಧದಲ್ಲಿಯೇ ಮದುವೆಯಾದವರು. ೧೯೫೫ರ ಹಿಂದೂ ವಿವಾಹ ಕಾನೂನು ಸಮೀಪದ ಸಂಬಂಧಗಳನ್ನು ನಿಷೇಧಿಸಿದರೂ, ರೂಢಿಯು ಒಪ್ಪುವೆಡೆಯಲ್ಲಿ ತಾನೂ ಒಪ್ಪಿ ಸುಮ್ಮನಾಯಿತು. ಹುಟ್ಟುವ ಮಕ್ಕಳ ಆರೋಗ್ಯದ ವಿಷಯದಲ್ಲಿ ವೈದ್ಯರು ಎಚ್ಚರ ಹೇಳುತ್ತಾರೆ. ಆ ಮಾತನ್ನು ತಳ್ಳಿಹಾಕುವಂತಿಲ್ಲ. ಆದರೆ ತಾಯಿಯಾದವಳು ಯೋಚಿಸುವುದು ಬೇರೆ ರೀತಿ. ಅತ್ತೆಯಾಗುವವಳು ತನ್ನ ಅತ್ತಿಗೆಯೇ. ಅವಳ ನಾಲಿಗೆಯ ಉದ್ದಳತೆ ಗೊತ್ತುಂಟು. ಆ ಮನೆಯ ಒಲೆ ಯಾವ ಮೂಲೆಯಲ್ಲಿದೆ, ಬಚ್ಚಲ ನೀರು ಎಲ್ಲಿಗೆ ಹರಿಯುತ್ತದೆ ಎಂಬುದೂ ಗೊತ್ತುಂಟು. ಗುರುತಿಲ್ಲದ ಮನೆಗೆ ಮಗಳನ್ನು ಕೊಟ್ಟು ರಾತ್ರಿಯೆಲ್ಲ ಎದ್ದು ಕೂರುವುದಕ್ಕಿಂತ ಇದು ಮೇಲೆಂದು ಅವಳಿಗೆ ತೋರಿದರೆ ಅವಳನ್ನು ಮೂಢಳೆನ್ನಬೇಕೆ?

ಹುಡುಗಿಯ ಕಷ್ಟವೂ ಅಲ್ಲಿಯೇ ಇದೆ. ಮಾವನ ಮಗನಲ್ಲಿ ಅವಳಿಗೆ ದ್ವೇಷವಿಲ್ಲ. ಜಾತ್ರೆಯಲ್ಲಿ ಅವನ ಹೆಗಲೇರಿ ತೇರು ನೋಡಿದವಳು. ಅವನನ್ನು ನೆನೆದರೆ ಅಣ್ಣನನ್ನು ನೆನೆದಂತಾಗುವುದೇ ಹೊರತು ಬೇರೇನೂ ಅಲ್ಲ. ಇನ್ನೊಂದು ವಿಷಯವಿದೆ. ಕಾಲೇಜಿನ ವಾಚನಾಲಯದಲ್ಲಿ ಟಿಪ್ಪಣಿಯ ಪುಸ್ತಕ ಕೊಟ್ಟು ತೆಗೆದುಕೊಳ್ಳುವ ಸಹಪಾಠಿಯೊಬ್ಬನಿದ್ದಾನೆ, ಬೇರೆ ಜಾತಿಯವನು. ಅವರಿಬ್ಬರ ನಡುವೆ ಆಡಿದ ಮಾತುಗಳನ್ನು ಬರೆದರೆ ಒಂದು ಕಾಗದದ ಹಾಳೆ ತುಂಬದು. ಆದರೂ ಅವನು ಬಾರದ ದಿನ ವಾಚನಾಲಯದ ಗಡಿಯಾರ ನಿಧಾನವಾಗಿ ನಡೆಯುತ್ತದೆ. ಅದು ಒಲವೋ, ಹೊಸ ಗಾಳಿಯ ಸಂಭ್ರಮವೋ ಅವಳಿಗೆ ತಿಳಿಯದು. ತಿಳಿಯದೆಂಬುದನ್ನು ತನಗೆ ತಾನೇ ಒಪ್ಪಿಕೊಂಡಳಲ್ಲ, ಇಪ್ಪತ್ತರ ವಯಸ್ಸಿಗೆ ಅದು ಸಣ್ಣ ಬುದ್ಧಿವಂತಿಕೆಯಲ್ಲ. ಸಿನಿಮಾಗಳು ಈ ಹಂತವನ್ನು ಒಂದು ಹಾಡಿನಲ್ಲಿ ದಾಟಿಬಿಡುತ್ತವೆ.

ಈಗ ತಾನು ಮಾವನ ಮಗನನ್ನು ಬೇಡವೆಂದರೆ ಊರು ಏನೆನ್ನುವುದೆಂದು ಅವಳಿಗೆ ಗೊತ್ತು. “ಕಾಲೇಜಿನಲ್ಲಿ ಯಾರನ್ನೋ ನೋಡಿಕೊಂಡಿದ್ದಾಳೆ” ಎನ್ನುವುದು. ಬೇಡವೆಂಬ ಮಾತಿಗೆ ಹೆಣ್ಣಿನ ಬಾಯಲ್ಲಿ ಇನ್ನೊಬ್ಬ ಗಂಡಸಿನ ಹೆಸರಲ್ಲದೆ ಬೇರೆ ಅರ್ಥವಿರಬಹುದೆಂಬುದನ್ನು ಊರು ಇನ್ನೂ ಕಲಿತಿಲ್ಲ.

ಕಾನೂನಿನ ಕಡೆ ನೋಡಿದರೆ ದಾರಿ ಸಲೀಸು. ಅವಳ ಮುತ್ತಜ್ಜಿಯ ಕಾಲದ, ೧೯೨೯ರ ಶಾರದಾ ಕಾನೂನು ಹೆಣ್ಣಿಗೆ ಹದಿನಾಲ್ಕು ತುಂಬಿದರೆ ಸಾಕೆಂದಿತು. ೧೯೪೯ರಲ್ಲಿ ಅದು ಹದಿನೈದಾಯಿತು. ೧೯೭೮ರಲ್ಲಿ ಹೆಣ್ಣಿಗೆ ಹದಿನೆಂಟು, ಗಂಡಿಗೆ ಇಪ್ಪತ್ತೊಂದು. ಆ ವಯಸ್ಸು ದಾಟಿದವರು ತಂದೆತಾಯಿಗಳ ಒಪ್ಪಿಗೆಯನ್ನು ಯಾವ ಕಚೇರಿಗೂ ತೋರಿಸಬೇಕಾಗಿಲ್ಲ. ಕರ್ನಾಟಕದ ಯುವತಿಯೊಬ್ಬಳ ಮೊಕದ್ದಮೆಯಲ್ಲಿಯೇ, ೨೦೨೧ರಲ್ಲಿ, ವಯಸ್ಕರಿಬ್ಬರು ಒಪ್ಪಿದ ಮೇಲೆ ಮನೆತನದ ಅಥವಾ ಸಮುದಾಯದ ಸಮ್ಮತಿ ಅಗತ್ಯವಲ್ಲವೆಂದು ಸುಪ್ರೀಂ ಕೋರ್ಟು ಸ್ಪಷ್ಟವಾಗಿ ಹೇಳಿತು. ಆಯಿತು, ಆದರೆ ಕೋರ್ಟು ಕೊಡಬಲ್ಲುದು ಹಕ್ಕನ್ನು. ಅವ್ವನಿಗೆ ತವರನ್ನು ಉಳಿಸಿಕೊಡುವುದು ಅದರ ಕೈಲಿಲ್ಲ.

ಋಣವೆಂಬ ಈ ಕಟ್ಟು ನಮ್ಮ ದೇಶದ್ದೇ ಎಂದು ತಿಳಿಯಬಾರದು. ಸಮುದ್ರದಾಚೆ ಫಿಲಿಪೈನ್ಸ್ ದ್ವೀಪಗಳ ತಗಾಲೊಗ್ ನುಡಿಯಲ್ಲಿ ‘ಉತಾಂಗ್ ನಾ ಲೋಓಬ್’ ಎಂಬ ಮಾತಿದೆ. ‘ಒಳಗಿನ ಸಾಲ’ ಎಂದು ಕನ್ನಡಿಸಬಹುದು. ಹೆತ್ತವರಿಂದ, ಓದಿಸಿದ ಬಂಧುಗಳಿಂದ ಪಡೆದ ಉಪಕಾರ ಹಣದಿಂದ ತೀರುವಂಥದಲ್ಲ, ಬಾಳಿನಿಂದ ತೀರಿಸಬೇಕಾದುದು ಎಂಬ ಭಾವನೆ ಅದರ ಹಿಂದೆ ಇದೆ. ಅಲ್ಲಿಯ ಕಾನೂನು ಕೂಡ ಮನೆಯ ಹಿರಿಯರನ್ನು ಮರೆತಿಲ್ಲ. ಹದಿನೆಂಟರಿಂದ ಇಪ್ಪತ್ತೊಂದರವರೆಗಿನವರು ಮದುವೆಗೆ ತಂದೆತಾಯಿಗಳ ಒಪ್ಪಿಗೆಯನ್ನೂ, ಇಪ್ಪತ್ತೊಂದರಿಂದ ಇಪ್ಪತ್ತೈದರವರೆಗಿನವರು ಅವರ ಸಲಹೆಯನ್ನೂ ಪಡೆಯಬೇಕು. ಸಲಹೆ ಪ್ರತಿಕೂಲವಾದರೆ ಪರವಾನಗಿಗೆ ಮೂರು ತಿಂಗಳು ಕಾಯಬೇಕು. ಮನಿಲಾ ನಗರದ ವಿದ್ಯಾರ್ಥಿನಿಯೊಬ್ಬಳು ಉಮ್ಮತ್ತೂರಿನ ಬಸ್ಸಿನಲ್ಲಿ ಪಕ್ಕಕ್ಕೆ ಬಂದು ಕುಳಿತರೆ, ಭಾಷೆಯೊಂದನ್ನು ಬಿಟ್ಟು ಉಳಿದುದೆಲ್ಲ ಇಬ್ಬರಿಗೂ ಅರ್ಥವಾದೀತು.

ಆಷಾಢ ಬಂದಿತು. ಹೊಸದಾಗಿ ಮದುವೆಯಾದ ಹೆಣ್ಣುಗಳು ತವರಿಗೆ ಹೋಗಿ ಕೂರುವ, ಅತ್ತೆ ಸೊಸೆ ಒಂದೇ ಹೊಸಿಲು ದಾಟಬಾರದೆನ್ನುವ ತಿಂಗಳು. ಬೇರೆ ಕಡೆಯಲ್ಲಿ ಶುಭಕಾರ್ಯವಿಲ್ಲದ ಈ ತಿಂಗಳಿನಲ್ಲಿಯೇ ಚಾಮರಾಜನಗರದಲ್ಲಿ ತೇರು. ಮುಮ್ಮಡಿ ಕೃಷ್ಣರಾಜ ಒಡೆಯರು ೧೮೨೬ರಲ್ಲಿ ತಂದೆ ಚಾಮರಾಜ ಒಡೆಯರ ಹೆಸರಿನಲ್ಲಿ ಕಟ್ಟಿಸಿದ ಚಾಮರಾಜೇಶ್ವರನ ಗುಡಿಯ ಮುಂದೆ, ಅಗಲಿದ ನವದಂಪತಿಗಳು ಅಂದು ಒಂದಾಗಿ ಬಂದು ರಥಕ್ಕೆ ಹಣ್ಣು ಜವನ ಎಸೆಯುತ್ತಾರೆ. ೨೦೧೭ರಲ್ಲಿ ಕಿಡಿಗೇಡಿಯೊಬ್ಬನು ಹಚ್ಚಿದ ಬೆಂಕಿಗೆ ಹಳೆಯ ತೇರು ತುತ್ತಾಗಿ, ಹೊಸ ತೇರು ಹೊರಟದ್ದು ೨೦೨೨ರಲ್ಲಿ. ನಡುವಣ ವರ್ಷಗಳಲ್ಲಿ ಮದುವೆಯಾದವರಿಗೆ ಆ ಒಂದು ದಿನದ ಭೇಟಿ ತಪ್ಪಿತು.

ತಾಯಿಮಗಳು ಈ ಸಲ ತೇರಿಗೆ ಹೋಗಿದ್ದರು. ಗುಂಪಿನಿಂದ ಸ್ವಲ್ಪ ದೂರ, ನೆರಳಿನಲ್ಲಿ ನಿಂತು ಅವ್ವ ಎಂದೂ ಹೇಳದಿದ್ದುದನ್ನು ಹೇಳಿದಳು.

“ನಾನು ಮದುವೆಯಾದ ವರ್ಷ ಇಲ್ಲೇ ನಿಂತಿದ್ದೆ ಕೂಸೇ. ನಿಮ್ಮಪ್ಪ ಬರ್ತಾರೆ ಅಂತ ಅಣ್ಣ ಕರ್ಕೊಂಡು ಬಂದಿದ್ದ. ಅಷ್ಟು ಜನದಲ್ಲಿ ಯಾರು ನನ್ನ ಗಂಡ ಅಂತ ಗುರುತು ಹತ್ತಲಿಲ್ಲ. ಮುಖ ಸರಿಯಾಗಿ ನೋಡಿರಲಿಲ್ಲವಲ್ಲ. ಅಣ್ಣನೇ ಕೈತೋರಿಸಿ, ಅಗೋ ಅಲ್ಲಿ, ಅಂದ.”

“ಆಮೇಲೆ?”

“ಆಮೇಲೇನು? ಹಣ್ಣು ಎಸೆದ್ವಿ. ಹೆದರಿಕೆ ಆಗಿತ್ತು. ಪ್ರೀತಿ ಗೀತಿ ಎಲ್ಲಾ ನೀನು ಹುಟ್ಟಿ, ಜ್ವರ ಬಂದು, ನಿಮ್ಮಪ್ಪ ರಾತ್ರೋರಾತ್ರಿ ನಿನ್ನ ಹೊತ್ಕೊಂಡು ಸಂತೇಮರಹಳ್ಳಿಗೆ ನಡೆದರಲ್ಲ, ಅವತ್ತಿಂದ.”

ಮಕ್ಕಳು ಬೆಳೆಯುವುದು ತಮ್ಮ ಎತ್ತರದಿಂದಲ್ಲ. ಹೆತ್ತವಳೂ ಒಂದು ಕಾಲದಲ್ಲಿ ಗುಂಪಿನಲ್ಲಿ ದಿಕ್ಕುತೋರದೆ ನಿಂತ ಹುಡುಗಿಯಾಗಿದ್ದಳೆಂದು ಕಂಡ ಗಳಿಗೆಯಲ್ಲಿ ಏನೋ ಒಂದು ಒಳಗೆ ಜರುಗುತ್ತದೆ. ಅಲ್ಲಿಯವರೆಗೆ ಅವಳು ಮನಸ್ಸಿನಲ್ಲಿ ಕಟ್ಟಿಟ್ಟಿದ್ದ ವಾದಗಳೆಲ್ಲ, ಕಾನೂನು, ಕೋರ್ಟು, ವೈದ್ಯರ ಮಾತು, ಯಾವುದೂ ಬಾಯಿಗೆ ಬರಲಿಲ್ಲ. “ಅವ್ವ, ನನಗೆ ಅವನು ಅಣ್ಣನ ಹಾಗೆ ಕಾಣ್ತಾನೆ. ಮಾವನಿಗೆ ನಾನೇ ಹೇಳ್ತೀನಿ. ನೀನು ನಡುವೆ ಸಿಕ್ಕಿಹಾಕಿಕೊಳ್ಳಬೇಡ,” ಎಂದಳು. ಅವ್ವ ಉತ್ತರ ಕೊಡಲಿಲ್ಲ. ತೇರು ಮುಂದೆ ಸಾಗಿತು.

ಮುಂದಿನ ಸೋಮವಾರ ಮಾವ ಬಂದನು. ಹುಡುಗಿ ಕಂಬದ ಪಕ್ಕ ನಿಂತು, ಕಾಲಿನ ಹೆಬ್ಬೆರಳನ್ನು ನೋಡುತ್ತ, ಹೇಳಬೇಕಾದುದನ್ನು ಹೇಳಿದಳು. ಓದಿಸಿದ ಉಪಕಾರವನ್ನು ಮರೆಯೆನೆಂದಳು. ಕೆಲಸ ಸಿಕ್ಕ ಮೇಲೆ ಹಣವನ್ನು ಹಿಂದಕ್ಕೆ ಕೊಡುವೆನೆಂದಳು. ಆ ಕೊನೆಯ ಮಾತು ಆಡಬಾರದಾಗಿತ್ತು. ಅಲ್ಲಿಯವರೆಗೆ ನೆಲ ನೋಡುತ್ತಿದ್ದ ಮಾವ ತಲೆಯೆತ್ತಿ, “ನಾನು ಸಾಲ ಕೊಟ್ಟಿದ್ದೆ ಅಂದ್ಕೊಂಡಿದ್ದೀಯಾ?” ಎಂದು ಕೇಳಿ ಎದ್ದನು. ಎಲೆ ಹಾಕಿದ್ದರೂ ಉಣ್ಣಲಿಲ್ಲ. ಅಪ್ಪ ಬಸ್ಸಿನವರೆಗೆ ಹಿಂದೆ ಹಿಂದೆಯೇ ಹೋಗಿ ಬಂದನು. ಮನೆಯಲ್ಲಿ ಯಾರೂ ಬೈಯಲಿಲ್ಲ, ಬೈದಿದ್ದರೆ ಒಳ್ಳೆಯದಿತ್ತು. ಅವ್ವ ಆ ದಿನದ ಅನ್ನವನ್ನು ಹಸುವಿನ ಕಲಗಚ್ಚಿಗೆ ಸುರಿದಳು.

ಹಳೆಯ ಮೈಸೂರಿನ ಕಡೆಯ ಹೆಂಗಸಿಗೆ ತವರು ಇದೆಯೋ ಇಲ್ಲವೋ ಎಂಬುದು ಗೌರೀಹಬ್ಬದಂದು ತಿಳಿಯುತ್ತದೆ. ಅಣ್ಣತಮ್ಮಂದಿರು ಸೀರೆ, ಅರಿಸಿನ ಕುಂಕುಮ, ಬಳೆ ತಂದುಕೊಡಬೇಕು. ಬಡವನಾದರೆ ರವಿಕೆಯ ಕಣವಾದರೂ ಸರಿ, ಬರಬೇಕು. ಎಪ್ಪತ್ತು ವರ್ಷದ ಅಜ್ಜಿಯರೂ ಆ ದಿನ ಬೀದಿಯ ತುದಿಯ ಕಡೆ ನೋಡುತ್ತಾರೆ. ಬಸ್ಸಿನ ಟಿಕೇಟು, ವಿದ್ಯಾರ್ಥಿವೇತನ, ೧೯೯೪ರಲ್ಲಿ ಕರ್ನಾಟಕ ಸರಕಾರ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಕೊಟ್ಟ ಪಾಲು, ಇವೆಲ್ಲ ಬಂದ ಮೇಲೂ ಆ ನೋಟ ನಿಂತಿಲ್ಲ.

ಈ ಭಾದ್ರಪದದಲ್ಲಿ ಅವ್ವ ಹಬ್ಬದ ಹಿಂದಿನ ದಿನವೇ ಹೊಸಿಲು ಸಾರಿಸಿದಳು. ಮಧ್ಯಾಹ್ನದ ಬಸ್ಸು ಬಂದಿತು, ಹೋಯಿತು. ಸಂಜೆಯ ಬಸ್ಸೂ ಹೋಯಿತು. ಹುಡುಗಿ ಪುಸ್ತಕ ತೆರೆದು ಕುಳಿತು ಒಂದೇ ಪುಟವನ್ನು ನೋಡುತ್ತಿದ್ದಳು. ದೀಪ ಹಚ್ಚುವ ಹೊತ್ತಿಗೆ ಮೋಟರುಸೈಕಲ್ಲಿನ ಸದ್ದಾಯಿತು. ಇಳಿದವನು ಮಾವನಲ್ಲ, ಮಾವನ ಮಗ. ಕೈಯಲ್ಲಿ ಚೀಲ.

“ಅಪ್ಪ ಕೊಟ್ಟು ಕಳಿಸಿದರೇನಪ್ಪ?” ಎಂದು ಅವ್ವ ಬಾಗಿಲಲ್ಲಿಯೇ ಕೇಳಿದಳು.

“ಅವ್ವ ಕಟ್ಟಿಕೊಟ್ಟಳು, ಅತ್ತೆ. ಅಪ್ಪ ನೋಡ್ತಾ ಕೂತಿದ್ದ. ಬೇಡ ಅನ್ನಲಿಲ್ಲ.”

ಸೀರೆ ಹಸಿರು ಬಣ್ಣದ್ದು. ಅವ್ವ ಅದನ್ನು ಕಣ್ಣಿಗೊತ್ತಿಕೊಂಡು ಒಳಗೆ ಹೋದಳು. ಬಹಳ ಹೊತ್ತು ಹೊರಗೆ ಬರಲಿಲ್ಲ. ಹುಡುಗಿ ನೀರು ತಂದುಕೊಟ್ಟಳು. ಚೊಂಬು ಹಿಡಿದುಕೊಂಡು ಅವನು, ಯಾರಿಗೂ ಕೇಳಿಸದಂತೆ, “ನನ್ನನ್ನೂ ಯಾರೂ ಕೇಳಿರಲಿಲ್ಲ ಕಣೆ,” ಎಂದನು.

ಒಳಗಿನಿಂದ ಅವ್ವನ ದನಿ ಕೇಳಿಸಿತು: “ಉಂಡ್ಕೊಂಡೇ ಹೋಗಬೇಕು. ಎಲೆ ಹಾಕು ಕೂಸೇ.”

ಅವನು ಕಾಲು ತೊಳೆಯಲು ಹಿತ್ತಲ ಕಡೆ ನಡೆದನು.